ಟ್ಯಾಂಕಿಗೆ ಬೆಸುಗೆ ಹಾಕಲು ಕೂತ ಭಾನುವಾರ

ಮೂರು ವರ್ಷದ ಹಿಂದಿನ ಮಾತು. ಡಿಸೆಂಬರ್ ತಿಂಗಳು, ಅವರೆಕಾಯಿ ಕಾಲ. ಶಿಕಾರಿಪುರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನು ಒಂದು ಹಳೆಯ ಮೋಟಾರ್ ಸೈಕಲ್ಲನ್ನು ಬಿಚ್ಚಿ ಹರಡಿಕೊಂಡು ಆಗಲೇ ಆರು ತಿಂಗಳಾಗಿತ್ತು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಮೇಡಂಗೆ ಇದೆಂಥ ಹುಚ್ಚು ಎಂದು ಬಹಳ ಜನ ಕೇಳಿದ್ದಾರೆ. ನನ್ನ ತವರು ಸೊರಬ. ಅಪ್ಪ ಅಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಸ್ಪ್ಯಾನರನ್ನು ಕೈಯಲ್ಲಿ ಮುಟ್ಟಿ ಇದು ಹನ್ನೆರಡು, ಇದು ಹದಿನಾಲ್ಕು ಎಂದು ಹೇಳುವುದನ್ನು ನಾನು ಮಗ್ಗಿಗಿಂತ ಮೊದಲೇ ಕಲಿತಿದ್ದೆ. ಈ ಬೈಕು ಕಣ್ಣಿಗೆ ಬಿದ್ದದ್ದು ಉಡುತಡಿಯಲ್ಲಿರುವ ಸೋದರಮಾವನ ಕೊಟ್ಟಿಗೆಯಲ್ಲಿ. ಸೀಟಿನ ಮೇಲೆ ಹುಲ್ಲು ಹಾಸಿಕೊಂಡು ಕೋಳಿಯೊಂದು ಕಾವಿಗೆ ಕೂತಿತ್ತು. "ಬೇಕಾದ್ರೆ ಒಯ್ಯವ್ವಾ, ಆದ್ರೆ ಮರಿ ಆಗ್ಲಿ" ಎಂದರು ಮಾವ. ಮರಿಗಳಾದ ಮೇಲೆ ನನ್ನ ಯಜಮಾನರು ಅದನ್ನು ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಹಾಕಿ ತಂದುಕೊಟ್ಟರು. ಅಷ್ಟಕ್ಕೇ ಅವರ ಪಾತ್ರ ಮುಗಿಯಿತು. ಅವರಿಗೆ ಜೋಳದ ಹೊಲ ಬಿಟ್ಟರೆ ಬೇರೆ ಹುಚ್ಚಿಲ್ಲ.

ಎಂಜಿನ್ ನಾನೇ ಬಿಚ್ಚಿದೆ. ಸಿಲಿಂಡರಿಗೆ ಕಚ್ಚಿಕೊಂಡು ಕೂತಿದ್ದ ಪಿಸ್ಟನ್ ಬಿಡಿಸಲು ಹನ್ನೊಂದು ದಿನ ಎಣ್ಣೆಯಲ್ಲಿ ನೆನೆಸಿದೆ. ಕಾರ್ಬೊರೇಟರ್ ಬಿಚ್ಚಿ ತೊಳೆದು ಕೂಡಿಸಿದೆ. ಅತ್ತೆ ಮೊದಮೊದಲು, "ಮನೆ ಸೊಸೆ ಮೈತುಂಬಾ ಗ್ರೀಸು ಬಳ್ಕಂಡು ಕುಂತ್ರೆ ನೋಡಿದೋರು ಏನಂತಾರೆ" ಎಂದು ಗೊಣಗುತ್ತಿದ್ದರು. ಆಮೇಲೆ ಅವರಿಗೇ ಹೊತ್ತು ಹೋಗದೆ, ಸೊಪ್ಪು ಸೋಸುವುದು, ಕಾಳು ಬಿಡಿಸುವುದು ಎಲ್ಲವನ್ನೂ ಶೆಡ್ಡಿನ ಬಾಗಿಲಿಗೇ ತಂದುಕೊಂಡು ನನ್ನ ಜೊತೆ ಕೂರುವುದು ರೂಢಿಯಾಯಿತು.

ಕೊನೆಗೆ ಉಳಿದದ್ದು ಪೆಟ್ರೋಲ್ ಟ್ಯಾಂಕು. ತಳದಲ್ಲಿ ತುಕ್ಕು ತಿಂದು ಎರಡು ಕಡೆ ತೂತಾಗಿತ್ತು. ಆನವಟ್ಟಿಯಲ್ಲಿ ವೀರಭದ್ರಪ್ಪ ಎಂಬವರು ಹಿತ್ತಾಳೆ ಬೆಸುಗೆ ಚೆನ್ನಾಗಿ ಹಾಕುತ್ತಾರೆ ಎಂದು ಯಾರೋ ಹೇಳಿದರು. ಒಂದು ಶನಿವಾರ ಶಾಲೆ ಮುಗಿಸಿಕೊಂಡು ಟ್ಯಾಂಕನ್ನು ಹಳೆ ಸೀರೆಯಲ್ಲಿ ಸುತ್ತಿ ಬಸ್ಸು ಹತ್ತಿದೆ.

ಅವರದು ಸಣ್ಣ ಅಂಗಡಿ. ನೇಗಿಲು, ಟಿಲ್ಲರಿನ ಬಿಡಿಭಾಗ ಹಿಡಿದುಕೊಂಡು ನಾಲ್ಕೈದು ಜನ ರೈತರು ಕಾಯುತ್ತಿದ್ದರು. ಒಳಗೆ ಮೂಲೆಯಲ್ಲಿ ವಯಸ್ಸಾದವರೊಬ್ಬರು ತಲೆ ತಗ್ಗಿಸಿ ಒಂದು ಕಬ್ಬಿಣದ ತುಂಡಿಗೆ ಅರ ಹಾಕಿ ಉಜ್ಜುತ್ತಾ ಕೂತಿದ್ದರು. ವೀರಭದ್ರಪ್ಪ ಟ್ಯಾಂಕನ್ನು ತಿರುಗಿಸಿ ನೋಡಿ, "ಇಲ್ಲೇ ಬಿಟ್ಟು ಹೋಗಿ ಮೇಡಂ. ಎರಡು ದಿನ ಬೇಕು" ಎಂದರು.

ಆರು ತಿಂಗಳಿಂದ ಅದರ ಒಂದು ಬೋಲ್ಟನ್ನೂ ಬೇರೆಯವರ ಕೈಗೆ ಕೊಟ್ಟವಳಲ್ಲ ನಾನು. ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. "ಇಷ್ಟೇ ಇಷ್ಟು ತೂತು. ಸಣ್ಣ ಗ್ಯಾಸ್ ಟಾರ್ಚ್ ಸಿಕ್ಕಿದ್ರೆ ನಾನೇ ಮನೇಲಿ ಹಾಕ್ಕೋಬಹುದಾ?" ಎಂದು ಕೇಳಿದೆ.

ಅವರು ಸರಕ್ಕನೆ ತಲೆಯೆತ್ತಿ, "ಇದೇನು ಮನೇಲಿ ಒಗ್ಗರಣೆ ಹಾಕಿದಂಗೆ ಅಂದ್ಕಂಡ್ರಾ?" ಎಂದರು.

ಕಾಯುತ್ತಿದ್ದವರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ನಾನು ಬಂದ ಕೂಡಲೇ ಗೋಡೆಯ ಸ್ಲೇಟಿನ ಮೇಲೆ ಅವರ ಹೆಂಡತಿ ನನ್ನ ಹೆಸರು, ಊರು, ಫೋನ್ ನಂಬರ್ ಬರೆದುಕೊಂಡಿದ್ದರು. ಅದನ್ನು ಅಳಿಸಲೂ ಹೇಳದೆ, "ನಿಮ್ಮ ಕೈಲಿ ಆಗದಿದ್ರೆ ಬಿಡ್ರಿ, ನಾನೇ ಮಾಡ್ಕೋತೀನಿ" ಎಂದು ಟ್ಯಾಂಕನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಿಟ್ಟೆ. ಹಿಂದಿನಿಂದ ಅವರು ಏನೋ ಕೂಗಿ ಹೇಳಿದರು. ನಾನು ತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಕೂತು ಶಿರಾಳಕೊಪ್ಪ ದಾಟುವವರೆಗೂ ಆ ಒಗ್ಗರಣೆಯ ಮಾತೇ ಕಿವಿಯಲ್ಲಿತ್ತು.

ಆ ವಾರವೆಲ್ಲ ಹಟದಲ್ಲೇ ಕಳೆಯಿತು. ಟ್ಯಾಂಕಿಗೆ ಸೋಪಿನ ನೀರು ಹಾಕಿ ಮೂರು ಸಲ ಕುಲುಕಿ ತೊಳೆದೆ. ನಾಲ್ಕು ದಿನ ಬಿಸಿಲಿಗೆ ಬಾಯಿ ತೆರೆದಿಟ್ಟೆ. ಮೂಸಿ ನೋಡಿದರೆ ತುಕ್ಕಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಮೊಬೈಲಿನಲ್ಲಿ ಬೆಸುಗೆಯ ವಿಡಿಯೋಗಳನ್ನು ನೋಡಿದೆ. ನಮ್ಮ ಬೀದಿಯಲ್ಲೇ ಫ್ರಿಜ್ ರಿಪೇರಿ ಮಾಡುವವರೊಬ್ಬರಿದ್ದಾರೆ. ಅವರಿಂದ ಸಣ್ಣ ಗ್ಯಾಸ್ ಟಾರ್ಚು, ಹಿತ್ತಾಳೆ ಕಡ್ಡಿ ಕೇಳಿ ತಂದೆ. ಏನಕ್ಕೆ ಎಂದು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಯಿರಬೇಕು. ಯಜಮಾನರು ಹೊಲಕ್ಕೆ ಹೋಗಿದ್ದರು. ಟ್ಯಾಂಕನ್ನು ಮಗುಚಿ ಬೆಂಚಿನ ಮೇಲೆ ಇಟ್ಟೆ. ಕಸ ಒಳಗೆ ಹೋಗದಿರಲಿ ಎಂದು ಮುಚ್ಚಳವನ್ನು ಭದ್ರವಾಗಿ ಹಾಕಿದ್ದೆ. ಕೆಳಗಿನ ನಲ್ಲಿಯ ತೂತಿಗೂ ಬಿರಡೆ ಒತ್ತಿದ್ದೆ. ಅತ್ತೆ ಎಂದಿನಂತೆ ಬಾಗಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ನನಗೂ ಅವರಿಗೂ ನಡುವೆ ನಾಲ್ಕು ಹೆಜ್ಜೆ ಅಂತರವೂ ಇರಲಿಲ್ಲ.

ಟಾರ್ಚ್ ಹಚ್ಚುವ ಹೊತ್ತಿಗೆ ಒಳಗೆ ನನ್ನ ಫೋನು ರಿಂಗಾಗತೊಡಗಿತು.

"ಫೋನು ಕಣೇ" ಎಂದರು ಅತ್ತೆ.

"ಇರ್ಲಿ ಬಿಡ್ರಿ ಅತ್ತೆ, ಆಮೇಲೆ ನೋಡ್ತೀನಿ."

ನಿಂತಿತು. ಮತ್ತೆ ಹೊಡೆದುಕೊಂಡಿತು. ನಾನು ಟಾರ್ಚ್ ಹಚ್ಚಿ ಉರಿಯನ್ನು ಸಣ್ಣಗೆ, ನೀಲಿಯಾಗಿ ಮಾಡಿಕೊಂಡೆ. ಮೂರನೇ ಸಲ ಫೋನು ಶುರುವಾದಾಗ ಅತ್ತೆಗೆ ತಡೆಯಲಾಗಲಿಲ್ಲ. "ಯಾರಿಗೋ ಏನಾಗೇತೋ ಏನೋ" ಎನ್ನುತ್ತಾ ಮಂಡಿಗೆ ಕೈಕೊಟ್ಟು ಎದ್ದು ಒಳಗೆ ಹೋದರು. ನಾನು ಕಡ್ಡಿ ಕೈಗೆತ್ತಿಕೊಂಡು, ಉರಿಯನ್ನು ಟ್ಯಾಂಕಿನ ಹತ್ತಿರ ತಂದೆ. ಒಂದು ಗೇಣು ದೂರವಿತ್ತು.

ಅತ್ತೆ ಫೋನನ್ನು ಕಿವಿಗೆ ಹಿಡಿದುಕೊಂಡೇ ಬಂದರು. "ಆನವಟ್ಟಿಯಿಂದಂತೆ. ಟ್ಯಾಂಕು ಟ್ಯಾಂಕು ಅಂತ ಒದರ್ತಾನೆ. ನೀನೇ ಮಾತಾಡವ್ವ."

ಒಂದು ಕೈಯಲ್ಲಿ ಉರಿಯುವ ಟಾರ್ಚ್, ಇನ್ನೊಂದು ಕೈಯಲ್ಲಿ ಕಡ್ಡಿ. ಅತ್ತೆಯೇ ಫೋನನ್ನು ನನ್ನ ಕಿವಿಗೆ ಒತ್ತಿ ಹಿಡಿದರು.

"ಮೇಡಂ, ನಾನು ವೀರಭದ್ರಪ್ಪ. ಟ್ಯಾಂಕು ಎಲ್ಲೈತೆ?"

"ನನ್ನ ಮುಂದೇನೇ ಇದೆ. ಏನೀಗ?"

"ಉರಿ ಹಚ್ಚೀರಾ?"

"ಈಗ ತಾನೇ ಹಚ್ಚಿದೆ."

ಅವರು ಬಹಳ ಮೆತ್ತಗೆ, ಮಗುವಿಗೆ ಹೇಳುವ ಹಾಗೆ ಹೇಳಿದರು: "ಆರಿಸ್ರಿ ಅವ್ವಾ. ಮೊದ್ಲು ಆರಿಸ್ರಿ. ಬೈಯೋದಿದ್ರೆ ಆಮೇಲೆ ಬೈರಿ."

ಆ ದನಿಗೆ ನನ್ನ ಕೈ ತಾನಾಗಿಯೇ ಟಾರ್ಚಿನ ಗುಬುಟು ತಿರುಗಿಸಿತು. ಉರಿ ಆರಿತು.

"ಆರಿಸಿದೆ."

"ಅದು ಬಾಂಬು ಮೇಡಂ. ತೊಳೆದ್ರೂ ಬಾಂಬೇ. ಒಳಗೆ ತುಕ್ಕಿನ ಸಂದೀಲಿ ಪೆಟ್ರೋಲು ಕುಂತಿರ್ತದೆ. ಬಿಸಿ ತಾಗಿದ ಕೂಡ್ಲೆ ಆವಿ ಆಗಿ ಮೇಲೇಳ್ತದೆ. ಮುಚ್ಚಳ ಹಾಕೀರಾ?"

"ಹಾಕಿದೀನಿ" ಎಂದೆ.

ಅವರು ದೇವರ ಹೆಸರು ಹೇಳಿದ್ದು ಕೇಳಿಸಿತು.

ನಾನು ಹತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ದಹನದ ಪಾಠ ಮಾಡುತ್ತಿದ್ದೇನೆ. ಉರಿಯುವುದು ಪೆಟ್ರೋಲಲ್ಲ, ಅದರ ಆವಿ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತೇನೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ ಎಂದು ಪರೀಕ್ಷೆಯಲ್ಲಿ ಪ್ರಶ್ನೆಯನ್ನೂ ಕೊಟ್ಟಿದ್ದೇನೆ. ಅಂಥವಳು ಒಂದು ಮಾತಿನ ಸಿಟ್ಟಿಗೆ, ಬಾಯಿ, ನಲ್ಲಿ ಎರಡೂ ಮುಚ್ಚಿದ ಟ್ಯಾಂಕಿಗೆ ಬೆಂಕಿ ಹಿಡಿಯಲು ಹೊರಟಿದ್ದೆ. ಪಕ್ಕದಲ್ಲಿ ಎಪ್ಪತ್ತೆರಡು ವರ್ಷದ ಅತ್ತೆ.

ಟಾರ್ಚು, ಕಡ್ಡಿ ಎರಡನ್ನೂ ಕೆಳಗಿಟ್ಟೆ. ಅಲ್ಲೇ ನೆಲದ ಮೇಲೆ, ಅವರೆ ಸಿಪ್ಪೆಯ ರಾಶಿಯ ಪಕ್ಕ ಕೂತೆ. ವಿಷಯ ತಿಳಿದ ಅತ್ತೆ ಬೈಯಲಿಲ್ಲ. ಟ್ಯಾಂಕನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿ, "ನಾನೂ ನಿನ್ನ ಜೊತೇಲೇ ಹೊಂಟಿದ್ನಲ್ಲೇ, ಒಂದು ಮಾತು ಕೇಳ್ದೆ!" ಎಂದರು. ನಗು ಬಂತು, ಅದರ ಹಿಂದೆಯೇ ಅಳು ಬಂತು. ಅವರ ಮಡಿಲಿನಲ್ಲಿ ಮುಖವಿಟ್ಟು ಎಷ್ಟೋ ಹೊತ್ತು ಅತ್ತುಬಿಟ್ಟೆ. ಅವರ ಸೆರಗಿಗೆಲ್ಲ ಗ್ರೀಸು.

ಮಧ್ಯಾಹ್ನವೇ ಟ್ಯಾಂಕ್ ತೆಗೆದುಕೊಂಡು ಆನವಟ್ಟಿಗೆ ಹೊರಟೆ. "ಆ ಪುಣ್ಯಾತ್ಮನ್ನ ನಾನೂ ನೋಡ್ಬೇಕು" ಎಂದು ಅತ್ತೆಯೂ ಹೊರಟರು. ಚೀಲದಲ್ಲಿ ಸುಲಿದ ಅವರೆಕಾಳು ಕಟ್ಟಿಕೊಂಡಿದ್ದರು.

ವೀರಭದ್ರಪ್ಪನವರು ಅಂಗಡಿಯ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ನೋಡಿದ ಕೂಡಲೇ, "ಆವತ್ತು ಹಂಗೆ ಅನ್ನಬಾರ್ದಿತ್ತು ನಾನು. ಅದಕ್ಕೇ ನಿಮಗೆ ಹಟ ಬಂತು" ಎಂದರು. ಕ್ಷಮೆ ಕೇಳಬೇಕಾದವಳು ನಾನು. ಟ್ಯಾಂಕನ್ನು ಅವರ ಕೈಗೆ ಕೊಟ್ಟೆ.

ಅವರು ಬೆಸುಗೆಗೆ ಕೂರಲಿಲ್ಲ. ತೂತುಗಳಿಗೆ ಹೊರಗಿನಿಂದ ಜೇಡಿಮಣ್ಣು ಒತ್ತಿ, ಒಲೆಯ ಮೇಲಿದ್ದ ಕುದಿಯುವ ನೀರನ್ನು ಟ್ಯಾಂಕಿಗೆ ಒಂದು ಚೊಂಬು ಸುರಿದು, ಎರಡು ಸಲ ಆಡಿಸಿ ಬಾಯಿ ತೆರೆದರು. "ಈಗ ಮೂಸ್ರಿ" ಎಂದರು. ಬಗ್ಗಿ ಮೂಸಿದೆ. ಪೆಟ್ರೋಲ್ ಬಂಕಿನಲ್ಲಿ ನಿಂತ ಹಾಗೆ ಗಪ್ಪೆಂದು ವಾಸನೆ ಮೂಗಿಗೆ ಹೊಡೆಯಿತು. ಮೂರು ಸಲ ತೊಳೆದು, ನಾಲ್ಕು ದಿನ ಒಣಗಿಸಿದ ಟ್ಯಾಂಕದು.

"ಫೋನು ಮಾಡ್ಬೇಕು ಅಂತ ನಿಮಗೆ ಹೇಗೆ ಅನ್ನಿಸ್ತು?" ಎಂದು ಕೇಳಿದೆ.

ಅವರು ಮೂಲೆಯ ಕಡೆ ಕೈ ತೋರಿಸಿದರು. ಹೋದ ವಾರ ಅರ ಹಾಕುತ್ತಾ ಕೂತಿದ್ದವರು ಇವತ್ತೂ ಅಲ್ಲೇ ಇದ್ದರು. ಹತ್ತಿರ ಹೋದಾಗಲೇ ಅವರ ಮುಖ ಸರಿಯಾಗಿ ಕಂಡದ್ದು. ಎಡಗೆನ್ನೆಯಿಂದ ಕುತ್ತಿಗೆಯವರೆಗೂ ಚರ್ಮ ಸುಟ್ಟು ಎಳೆದುಕೊಂಡಿತ್ತು. ಎರಡೂ ಕಣ್ಣು ಮುಚ್ಚಿಹೋಗಿದ್ದವು. "ನಮ್ಮಣ್ಣ, ಸಿದ್ದಪ್ಪ" ಎಂದರು ವೀರಭದ್ರಪ್ಪ. ಮೊದಲು ಈ ಅಂಗಡಿ ನಡೆಸುತ್ತಿದ್ದದ್ದು ಅವರೇ. ಇಪ್ಪತ್ತು ವರ್ಷದ ಹಿಂದೆ ಒಂದು ಸ್ಕೂಟರಿನ ಟ್ಯಾಂಕು ಬೆಸುಗೆಯ ಉರಿಗೆ ಸಿಡಿದಿತ್ತು, ಅದೂ ತೊಳೆದು ಒಣಗಿಸಿದ್ದೇ.

ಆ ಭಾನುವಾರ ಬೆಳಿಗ್ಗೆ ತಮ್ಮ ಊರಾದ ಹೊಸಬಾಳೆಯಿಂದ ಇಬ್ಬರೂ ಅಂಗಡಿಗೆ ಬಂದು ಬಾಗಿಲು ತೆರೆದಾಗ ಸಿದ್ದಪ್ಪನವರು, "ಆ ಶಿಕಾರಿಪುರದ ಮೇಡಂ ಟ್ಯಾಂಕು ತಂದುಕೊಟ್ರಾ?" ಎಂದು ಕೇಳಿದರಂತೆ. ಇಲ್ಲ ಎಂದಾಗ, "ಹಂಗಾರೆ ಮನೇಲೇ ಹಾಕ್ತಾರೆ. ಇವತ್ತು ರಜೆ. ಇವತ್ತೇ ಹಾಕ್ತಾರೆ. ಫೋನು ಹಚ್ಚು" ಎಂದು ಪಟ್ಟು ಹಿಡಿದರಂತೆ. ಸ್ಲೇಟಿನ ಮೇಲಿದ್ದ ನನ್ನ ನಂಬರಿನ ಕೊನೆಯ ಅಂಕಿ ಯಾರದೋ ಭುಜ ತಾಗಿ ಅಳಿಸಿಹೋಗಿತ್ತು. ಬಿಟ್ಟುಬಿಡೋಣ ಎಂದ ತಮ್ಮನನ್ನು ಅವರು ಬಿಡಲಿಲ್ಲ. ಸೊನ್ನೆಯಿಂದ ಶುರುಮಾಡಿ ಒಂದೊಂದೇ ಅಂಕಿ ಹಾಕಿ ಕರೆ ಮಾಡಿಸಿದರು. ಒಬ್ಬರು ನಿದ್ದೆ ಕೆಡಿಸಿದಿರಿ ಎಂದು ಬೈದರು. ಇನ್ನೊಬ್ಬರು ಹಿಂದಿಯಲ್ಲಿ ಮಾತಾಡಿದರು. ಎರಡು ನಂಬರು ಚಾಲ್ತಿಯಲ್ಲೇ ಇರಲಿಲ್ಲ. ಎಂಟು ಹಾಕಿದಾಗ ರಿಂಗಾಯಿತು, ಯಾರೂ ಎತ್ತಲಿಲ್ಲ. "ಎತ್ತಲಿಲ್ಲ ಅಂದ್ರೆ ಕೈಲಿ ಕೆಲಸ ಐತೆ. ಇವರೇ. ಬಿಡಬ್ಯಾಡ, ಮತ್ತೆ ಹಚ್ಚು" ಎಂದರಂತೆ ಸಿದ್ದಪ್ಪ.

ಕೇಳುತ್ತಾ ಕೇಳುತ್ತಾ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಿದ್ದಪ್ಪನವರ ಕೈಗೆ ಅವರೆಕಾಳಿನ ಚೀಲ ಕೊಟ್ಟು, "ನೀನು ನಮ್ಮನೆ ದೀಪ ಉಳಿಸ್ದೆ ಕಣಪ್ಪಾ" ಎಂದರು. ಅವರು ಚೀಲದೊಳಗೆ ಕೈಯಾಡಿಸಿ, "ಕಾಳು ಚೆನ್ನಾಗಿ ಬಲಿತಾವೆ" ಎಂದು ಮಾತು ತಪ್ಪಿಸಿದರು.

ಟ್ಯಾಂಕನ್ನು ಈ ಸಲ ಎರಡು ದಿನಕ್ಕೆ ಬಿಟ್ಟೇ ಬಂದೆ. ಎರಡು ದಿನವೂ ಅದರಲ್ಲಿ ಬಿಸಿನೀರು ಹಾಕಿ ಚೆಲ್ಲಿ, ಆಮೇಲೆ ನೀರು ತುಂಬಿಸಿ, ತೂತಿನ ಬೆರಳಗಲ ಜಾಗವನ್ನಷ್ಟೇ ನೀರಿನ ಮೇಲೆ ಬಿಟ್ಟುಕೊಂಡು ವೀರಭದ್ರಪ್ಪ ಬೆಸುಗೆ ಹಾಕಿದರು. ನೋಡಿ ಕಲಿಯಲಿ ಎಂದು ಮಂಗಳವಾರ ಸಂಜೆ ನಾನು ಬರುವವರೆಗೆ ಕಾದಿದ್ದರು. ಈಗಲೂ ಅದರಿಂದ ಒಂದು ಹನಿ ಸೋರಿಲ್ಲ.

ಸಂಕ್ರಾಂತಿಯ ಮರುವಾರ ಬೈಕು ಶುರುವಾಯಿತು. ಮೊದಲ ದೂರದ ಪ್ರಯಾಣ ಆನವಟ್ಟಿಗೇ. ಅಂಗಡಿಯ ಮುಂದೆ ಎಂಜಿನ್ ಆರಿಸದೆ ನಿಲ್ಲಿಸಿದೆ. ಸಿದ್ದಪ್ಪನವರು ತಮ್ಮನ ಹೆಗಲು ಹಿಡಿದು ಹೊರಗೆ ಬಂದು, ಸ್ವಲ್ಪ ಹೊತ್ತು ತಲೆ ವಾಲಿಸಿ ಸದ್ದು ಕೇಳಿಸಿಕೊಂಡರು. "ಸೈಲೆನ್ಸರ್ ಬುಡದಲ್ಲಿ ಗಾಳಿ ಸೋರ್ತದೆ, ಬಿಗಿ ಮಾಡ್ಕಳ್ರಿ" ಎಂದರು. ಹೌದು, ಅಲ್ಲಿ ಒಂದು ನಟ್ಟು ಸಡಿಲವಾಗಿತ್ತು.

ಹೊರಡುವಾಗ ನಾನು ಅವರ ಕೈ ಹಿಡಿದುಕೊಂಡು, ನಿಮ್ಮ ಋಣ ಹೇಗೆ ತೀರಿಸಲಿ ಎಂದೇನೋ ಹೇಳಲು ಹೋದೆ. ಅವರು ಮಧ್ಯದಲ್ಲೇ ತಡೆದರು.

"ಆವತ್ತು ನನಗೆ ಹೇಳೋಕೆ ಯಾರೂ ಇರ್ಲಿಲ್ಲ ಮೇಡಂ. ನಿಮಗೆ ನಾನಿದ್ದೆ. ಅಷ್ಟೇ."

ಮೂರು ವರ್ಷವಾಯಿತು. ಕೆಲವು ಸಂಜೆ ಶಾಲೆಯಿಂದ ಬಂದು ಬೈಕು ಒಳಗಿಡುವಾಗ, ಅತ್ತೆ ಅಡುಗೆಮನೆಯಿಂದ "ಬಂದ್ಯೇನೇ?" ಎಂದು ಕೂಗುತ್ತಾರೆ. ದಿನವೂ ಕೇಳುವ ಸಾಮಾನ್ಯ ಮಾತು. ಆದರೂ ಒಮ್ಮೊಮ್ಮೆ ಉತ್ತರ ಕೊಡುವ ಮೊದಲು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ. ಕೇಳುವವರೂ ಇದ್ದಾರೆ, ಉತ್ತರ ಹೇಳಲು ನಾನೂ ಇದ್ದೇನೆ ಎಂದು ಮನಸ್ಸು ಹಗುರಾಗುತ್ತದೆ. ಆಮೇಲೆ "ಬಂದೆ ಅತ್ತೆ" ಎನ್ನುತ್ತೇನೆ.