ಹಿಟ್ಟಿಗೆ ಕೈ ಹಾಕಿದವರು

ಸಟನ್‌ನ ಚನ್ನಬಸವ್ವ ರೈಲಿನಲ್ಲಿ ಕೂತು ಕಟಕ ರೊಟ್ಟಿಯನ್ನು ಲಟಲಟ ಮುರಿದು ತಿನ್ನುವಾಗ ಯಾರಾದರೂ ದುರುಗುಟ್ಟಿ ನೋಡಿದರೆ, ಅವರತ್ತಲೂ ಒಂದು ತುಂಡು ಚಾಚುತ್ತಾಳೆ. ತಿನ್ನಿ, ಇಲ್ಲವೇ ಕಣ್ಣು ಆ ಕಡೆ ತಿರುಗಿಸಿ ಎಂಬ ಧಾಟಿ. ಧಾರವಾಡದಿಂದ ಈ ಪರದೇಶಕ್ಕೆ ಬಂದು ನಲವತ್ತಾರು ವರ್ಷವಾಯಿತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಬಿಳಿ ಚಾದರ ಮಡಚಿ ಮಡಚಿ ರಿಟೈರ್ ಆದಳು. ಹೊರಗಿನ ಅಡುಗೆ ಮುಟ್ಟದವಳು ಎಂದೇ ನಾವೆಲ್ಲ ನಂಬಿದ್ದೆವು.

ಪ್ರತಿ ಬಸವ ಜಯಂತಿಗೆ ಇಲ್ಲಿನ ಕನ್ನಡದ ಮಂದಿ ನಾವು ಬಾಡಿಗೆ ಹಿಡಿಯುವ ಹಾಲ್‌ನಲ್ಲಿ ಪ್ರಸಾದದ ರೊಟ್ಟಿ ಅವಳದೇ. ಪಕ್ಕದಲ್ಲಿ ಮೊಮ್ಮಗಳು ಸ್ಫೂರ್ತಿ. ಎಂಟು ವರ್ಷದವಳಿದ್ದಾಗಿನಿಂದ ಅಜ್ಜಿಯ ಜೊತೆ ಹಿಟ್ಟು ನಾದಿದ ಹುಡುಗಿ. ಕಳೆದ ಸೆಪ್ಟೆಂಬರ್‌ನಲ್ಲಿ ಯೂನಿವರ್ಸಿಟಿಯ ಎಕ್ಸ್‌ಚೇಂಜ್ ಎಂದು ಆರು ತಿಂಗಳು ಜಪಾನಿಗೆ ಹೋಗಿ ಬಂದಳು. ಹಾಗಾಗಿ ಈ ಸಲ ಅಡುಗೆಮನೆಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಅಲ್ಲಿ ಏನು ತಿಂದೆ?

ಸ್ಫೂರ್ತಿ ಬಾಯಿ ಚಪ್ಪರಿಸಿ ಹೇಳಿದಳು. ಹೊಸ ಅಕ್ಕಿಯ ಅನ್ನ, ನಾಲಿಗೆ ಮೇಲೆ ಕರಗುವ ಮೂಲಂಗಿ, ಬೆಳಿಗ್ಗೆ ಬೆಳಿಗ್ಗೆ ಬಿಸಿ ಸಾರು. ತಾನು ಮೀನು, ಮಾಂಸ ತಿನ್ನುವುದಿಲ್ಲ ಎಂದು ಇವಳು ತಾನಿದ್ದ ಮನೆಯ ಒಡತಿ ಮಿಚಿಕೋಗೆ ಮೊದಲೇ ಹೇಳಿದ್ದಳು. ಆದರೆ ಅವರ ಲೆಕ್ಕದಲ್ಲಿ ಮೀನಿನ ತುಂಡು ಮೀನು, ಅದರ ರಸ ಬರೀ ರಸ. ಎರಡು ವಾರ ಕಳೆದ ಮೇಲೆ, ಮಿಚಿಕೋ ಆ ಸಾರಿನಿಂದ ಒಣಮೀನಿನ ಚೂರು ಸೋಸಿ ತೆಗೆಯುವುದು ಇವಳ ಕಣ್ಣಿಗೆ ಬಿತ್ತು. ಇವಳ ಮುಖ ನೋಡಿದ್ದೇ ಆಕೆ ತಲೆಬಾಗಿ ನಿಂತಳಂತೆ. ಮರುದಿನವೇ ಹೊಸ ಪಾತ್ರೆ ತಂದಳು. ಅದರಲ್ಲಿ ಕಡಲಕಳೆ, ಒಣ ಅಣಬೆ ನೆನೆಹಾಕಿ ಸಾರು ಮಾಡಿದಳು. ಬೇರೆ ಯಾರೂ ಬಳಸದಿರಲಿ ಎಂದು ಹಿಡಿಕೆಗೆ ಕೆಂಪು ದಾರ ಕಟ್ಟಿದಳು. ಹುಡುಗಿ ಹೊರಡುವವರೆಗೂ ದಿನವೂ ಹಾಗೇ.

ನನಗೆ ಕಣ್ಣು ತುಂಬಿ ಬಂತು. ಆದರೆ ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಕಮಿಟಿಯ ವೀರಣ್ಣ ಬಾಗಿಲಲ್ಲೇ ನಿಂತಿದ್ದ.

“ಅಂದ್ರ ಎರಡು ವಾರ ಮೀನಿನ ನೀರು ಕುಡದಿ?”

“ಗೊತ್ತಿರಲಿಲ್ಲ ಅಂಕಲ್. ಬಟ್ ಅದಕ್ಕ ನಾಚ್ಕೊಳ್ಳೂದಂತೂ ಇಲ್ಲ.”

ವೀರಣ್ಣ ಅಜ್ಜಿಯ ಕಡೆ ತಿರುಗಿದ. “ಮಂದಿ ಮಾತಾಡ್ತಾರ ಅಕ್ಕಾರ. ಈ ಸಲ ಹುಡುಗಿ ಹಿಟ್ಟು ಮುಟ್ಟೂದು ಬ್ಯಾಡ. ಹೊರಗ ಕುರ್ಚಿ ಹಾಕಲಿ.”

ಸ್ಫೂರ್ತಿಯ ಮುಖ ಕೆಂಪಾಯಿತು. ಮೊಣಕೈವರೆಗೆ ಹಿಟ್ಟು ಮೆತ್ತಿದ್ದ ಕೈಯನ್ನು ನಲ್ಲಿಯ ಕೆಳಗೆ ಒಯ್ದಳು. ನಾವು ಐದಾರು ಹೆಂಗಸರು ನೆಲ ನೋಡುತ್ತ ನಿಂತೆವು. ನಾನೂ ನಿಂತೆ, ಸುಳ್ಳೇಕೆ ಹೇಳಲಿ.

ಚನ್ನಬಸವ್ವ ಗ್ಯಾಸ್ ಆರಿಸಿದಳು. “ಸ್ಫೂರ್ತಿ, ಕೈ ತೊಳಿಬ್ಯಾಡ,” ಅಂದಳು. ಆಮೇಲೆ ಹಾಲ್‌ನಲ್ಲಿ ಕೂತವರಿಗೂ ಕೇಳುವ ಹಾಗೆ ದನಿ ಎತ್ತಿದಳು.

“ವೀರಣ್ಣ, ಕೇಳಿಲ್ಲೆ. ನಾ ಈ ದೇಶಕ್ಕ ಬಂದ ಮೊದಲನೇ ಚಳಿಗಾಲ. ಹಸೀ ಬಾಣಂತಿ, ಮೈಯೆಲ್ಲಾ ಜ್ವರ, ನೀರು ಕೊಡಾಕ ದಿಕ್ಕಿಲ್ಲ. ಬಾಜೂ ಮನಿ ಮುದುಕಿ ಸೂಪ್ ತಂದ್ಲು. ಕೋಳಿ ಕುದಿಸಿದ ನೀರು. ಸ್ಫೂರ್ತಿಗೆ ಮೀನಿಂದು ಗೊತ್ತಿರಲಿಲ್ಲ, ನನಗ ಗೊತ್ತಿತ್ತು. ಗೊತ್ತಿದ್ದೇ ಮೂರು ದಿನ ಕುಡದೆ. ಅದನ್ನ ಕುಡದು ಈಕಿ ಅಪ್ಪಗ ಹಾಲು ಕುಡಿಸಿದೆ. ಆ ಕೈಲೆ ಬಡದ ರೊಟ್ಟಿ ಇಷ್ಟು ವರ್ಷ ತಿಂದೀರಿ. ನಾ ಬಾಯಿ ಮುಚ್ಚಿಕೊಂಡಿದ್ದಕ್ಕ ದೊಡ್ಡಾಕಿ ಆದೆ, ಈಕಿ ಖರೇ ಹೇಳಿದ್ದಕ್ಕ ಹೊರಗ ಹೋಗಬೇಕ?”

ಅವಳು ಮತ್ತೆ ಒಲೆಯ ಕಡೆ ತಿರುಗಿದಳು.

“ನಾವು ವರ್ಷಕ್ಕೊಮ್ಮೆ ಮೈಕ್ ಹಿಡದು ದಾಸೋಹ ದಾಸೋಹ ಅಂತೀವಿ. ಅಲ್ಲಿ ಆ ತಾಯಿ ಒಬ್ಬ ಹುಡುಗಿ ಸಲುವಾಗಿ ಭಾಂಡೆಕ್ಕ ದಾರ ಕಟ್ಟಿ ದಿನಾ ಮಾಡಿದ್ಲು. ಈಗ ಒಲಿ ಹಚ್ಚತೀನಿ. ಹಿಟ್ಟಿನಾಗ ನಾಲ್ಕು ಕೈ ಇರತಾವ. ಬ್ಯಾಡಾದವರು ಅನ್ನ ಉಣ್ರಿ.”

ಸ್ಫೂರ್ತಿ ಮೂಗು ಒರೆಸಿಕೊಂಡು ಹಿಟ್ಟಿನ ಪರಾತದ ಮುಂದೆ ಬಂದು ನಿಂತಳು. ನನಗೆ ಇನ್ನು ತಡೆಯಲಾಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೂ ಹಿಟ್ಟಿಗೆ ಕೈ ಹಾಕಿದೆ. “ಆರು ಕೈ, ಅಕ್ಕಾ,” ಅಂದೆ.

ಅವಳು ನನ್ನನ್ನು ನೋಡಲೂ ಇಲ್ಲ. “ನೀರು ಸಾಲ್ತಿಲ್ಲ, ಬಿಸಿನೀರು ಹಾಕು,” ಅಂದಳು.

ವೀರಣ್ಣ ಅವತ್ತು ಅನ್ನವನ್ನೇ ಉಂಡ. ಉಣ್ಣಲಿ.