ಹಿಂದಿನ ಎಡಚಕ್ರ

ಸೀಮೆಎಣ್ಣೆಯಲ್ಲಿ ನೆನೆದ ತುಕ್ಕಿಗೆ ಅದರದೇ ಒಂದು ವಾಸನೆಯಿದೆ. ಅದನ್ನು ಯಾರೂ ಪ್ರೀತಿಯಿಂದ ನೆನೆಯುವುದಿಲ್ಲ, ನಾನೊಬ್ಬಳನ್ನು ಬಿಟ್ಟು. ಇವತ್ತು ಬೆಳಿಗ್ಗೆ ನಮ್ಮ ಅಂಗಳದಲ್ಲಿ ಆ ವಾಸನೆ ಎದ್ದಾಗ ಹುರುಳಿಕಾಯಿ ಬಿಡಿಸುತ್ತಿದ್ದ ನನ್ನ ಕೈ ನಿಂತುಹೋಯಿತು. ನಮ್ಮ ಯಜಮಾನರಿಗೆ ಮಂಡಿನೋವು ಹೆಚ್ಚಾಗಿ ಮಳೆಗಾಲವೆಲ್ಲ ಕಾರು ನಿಂತಲ್ಲೇ ನಿಂತಿತ್ತು. ಹೇಗೂ ನಿಂತಿದೆಯಲ್ಲ ಎಂದು ಅದರ ನೆರಳಿಗೆ, ಹಿಂದಿನ ಚಕ್ರಕ್ಕೆ ಒತ್ತಿಕೊಂಡ ಹಾಗೆ, ನನ್ನ ಜರಿಗಿಡದ ಕುಂಡಗಳನ್ನು ಸಾಲಾಗಿಟ್ಟು ಎರಡು ಹೊತ್ತೂ ನೀರು ಹಾಕುತ್ತಿದ್ದೆ. ಗಿಡಗಳು ಸೊಂಪಾಗಿ ಬಂದವು, ಚಕ್ರ ತುಕ್ಕು ಹಿಡಿದು ಕಚ್ಚಿಕೊಂಡಿತು. ಮೆಕ್ಯಾನಿಕ್ ಬರುವುದಕ್ಕೆ ಮೊದಲೇ ಕುಂಡಗಳನ್ನು ಹಿತ್ತಲಿಗೆ ಸಾಗಿಸಿದ್ದೆ, ಆ ಮಾತು ಬೇರೆ. ಈಗ ಆತ ಸುತ್ತಿಗೆಯಿಂದ ಟಣ್ ಟಣ್ ಎಂದು ಬಡಿಯುತ್ತಿದ್ದ. ನನಗೆ ನನ್ನತ್ತೆ ನೆನಪಾದರು.

ನಾನು ಎಡತೊರೆ ಕಡೆಯವಳು, ನಾಲೆ ನೀರಿನ ಊರಿನವಳು. ಗಾವಡಗೆರೆ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಹೋದಾಗ ಎರಡನೇ ಮಹಾಯುದ್ಧ ನಡೆದಿತ್ತು. ಬೀಗರ ಮನೆಯಲ್ಲಿ ಕಾರಿದೆ ಎಂದು ನಮ್ಮಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಹೋಗಿ ನೋಡಿದರೆ ಕಾರು ಕೊಟ್ಟಿಗೆಯ ಒಂದು ಪಕ್ಕದಲ್ಲಿ, ಎತ್ತುಗಳ ನೆರೆಯಲ್ಲಿ, ಗೋಣಿತಾಟು ಹೊದ್ದುಕೊಂಡು ಮಲಗಿತ್ತು. ಮಾವನವರು ಅದನ್ನು ಕೊಡಗಿನ ತೋಟದ ದೊರೆಯೊಬ್ಬರಿಂದ ಆಸೆಪಟ್ಟು ಕೊಂಡಿದ್ದರಂತೆ. ಕೊಂಡ ಸ್ವಲ್ಪ ದಿನಕ್ಕೇ ಪೆಟ್ರೋಲಿಗೆ ರೇಷನ್ ಬಂತು. ಬಸ್ಸುಗಳೇ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಿದ್ದ ಕಾಲ ಅದು. ಮಾವನವರು ಆ ಕಡೆ ಹೋಗುವುದನ್ನೇ ಬಿಟ್ಟರು. ನೋಡಿದರೆ ಹೊಟ್ಟೆ ಉರಿಯುತ್ತದೆ ಎನ್ನುತ್ತಿದ್ದರು. ಆಯುಧಪೂಜೆಯ ದಿನ ಮಾತ್ರ ತಾಟಿನ ಮೇಲೇ ಒಂದು ಹೂವು. ಉಳಿದ ದಿನ ಅಲ್ಲಿ ಕೋಳಿಗಳದೇ ದರ್ಬಾರು.

ಅತ್ತೆಯವರ ಬಾಯಿ ಜೋರು, ಕೈ ಧಾರಾಳ, ಎದೆ ಮಾತ್ರ ಪುಕ್ಕಲು. ಇವತ್ತು ಸೀಮೆಎಣ್ಣೆ ಇಲ್ಲ, ನಾಳೆ ಉಪ್ಪೂ ಇರುವುದಿಲ್ಲ ಎಂದು ಸಂತೆಯಲ್ಲಿ ಯಾರೋ ಹೇಳಿದ್ದೇ ಸಾಕಾಯಿತು. ಗಂಡನಿಗೆ ತಿಳಿಯದ ಹಾಗೆ ಮೂಟೆಗಟ್ಟಲೆ ಉಪ್ಪು ತರಿಸಿದರು. ಇಡುವುದೆಲ್ಲಿ? ಅಟ್ಟ ಸೋರುತ್ತದೆ, ಕಣಜದ ಕೋಣೆಯಲ್ಲಿ ನೆಲ ತೇವ. ಕಾರಿನೊಳಗೆ ಇಟ್ಟುಬಿಟ್ಟರು. "ನಮ್ಮನೇಲಿ ಸೋರ್ದೆ ಇರೋ ಜಾಗ ಅದೊಂದೇ ಕಣವ್ವ. ಗಾಜಿನ ಬಾಗ್ಲು ಬ್ಯಾರೆ," ಎಂದು ನನಗೆ ಹೆಮ್ಮೆಯಿಂದ ತೋರಿಸಿದ್ದರು. ಒಪ್ಪುವ ಮಾತೇ. ಆದರೆ ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ, ಕಾರಿನ ತಳವೋ ಮರದ ಹಲಗೆ, ಸಂದಿಯ ಕೆಳಗೇ ಚಕ್ರ. ಅಡುಗೆಮನೆಯಲ್ಲಿ ಉಪ್ಪಿನ ಮರಿಗೆಯ ಕೆಳಗೆ ಬಟ್ಟಲಿಡಲು ಮರೆಯದ ಅತ್ತೆಗೆ ಇಲ್ಲಿ ಅದು ಹೊಳೆಯಲೇ ಇಲ್ಲ.

ಹೀಗಿರುವಾಗ ಸರಗೂರಿನಿಂದ ಒಬ್ಬ ಆಳು ಬಂದ. ಅತ್ತೆಯ ತವರು ಅದು. "ಅವ್ವಾರು ಊಟ ಬುಟ್ಟವ್ರೆ. ನಿಮ್ಮೆಸ್ರೇ ಇಡ್ದು ಕೂಗ್ತಾವ್ರೆ," ಎಂದ. ಅತ್ತೆ ಜಗಲಿಯ ಮೇಲೆ ಕುಸಿದು ಕುಳಿತರು. ಎತ್ತಿನ ಗಾಡಿಯಲ್ಲಿ ಹೋದರೆ ಎರಡು ದಿನದ ದಾರಿ. ಇದ್ದಿಲ ಬಸ್ಸು ಹುಣಸೂರಿನಿಂದ ಹೊರಟದ್ದು ನಡುದಾರಿಯ ಕೋಟೆ ಪಟ್ಟಣ ಮುಟ್ಟಿದರೆ ಪುಣ್ಯ. ಮಾವನವರು ಒಂದು ಗಳಿಗೆ ಯೋಚಿಸಿ, "ಏಳು, ಕಾರ್ ತಗೀತೀನಿ," ಎಂದರು. ಮೈಸೂರಿನಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು ಆ ವಾರ ರಜೆಗೆ ಬರುವಾಗ ಹೇಗೋ ಕೂಪನ್ ಗಿಟ್ಟಿಸಿ ಒಂದು ಡಬ್ಬ ಪೆಟ್ರೋಲು ತಂದುಕೊಟ್ಟಿದ್ದರು. ಅಷ್ಟು ಬೆಲೆಬಾಳುವ ವಸ್ತುವನ್ನು ಎಲ್ಲಿಡಬೇಕೆಂದು ತಿಳಿಯದೆ ಮಾವನವರು ಅದನ್ನು ದೇವರ ಮನೆಯಲ್ಲಿ, ಉರಿಯುವ ದೀಪದ ಪಕ್ಕದಲ್ಲೇ ಇಟ್ಟಿದ್ದರು. ಆ ಮನೆ ಉಳಿದದ್ದು ದೇವರ ದಯೆಯಿಂದಲೇ ಇರಬೇಕು!

ನಾನೂ ಅತ್ತೆಯೂ ಸದ್ದಿಲ್ಲದೆ ಉಪ್ಪಿನ ಮೂಟೆಗಳನ್ನು ಬಚ್ಚಲಿನ ಸೌದೆಯ ಹಿಂದೆ ಸಾಗಿಸಿದೆವು. ಆಮೇಲೆ ಗಂಡಸರು ಕಾರನ್ನು ನೂಕಿದರು, ಕದಲಲಿಲ್ಲ. ಮಾವನವರು ಹಠಕ್ಕೆ ಬಿದ್ದು ಎತ್ತುಗಳನ್ನೇ ಕಟ್ಟಿ ಎಳೆಸಿದರು. ಕಾರು ಬಂತು, ಆದರೆ ಹಿಂದಿನ ಎಡಚಕ್ರ ಉರುಳದೆ ಜಾರಿಕೊಂಡೇ ಬಂತು, ಅಂಗಳದಲ್ಲಿ ನೇಗಿಲು ಹೊಡೆದಂತೆ ಉದ್ದಕ್ಕೂ ಒಂದು ಸಾಲು ಬಿತ್ತು.

ಹುಣಸೂರಿನಿಂದ ಖಾದರ್ ಸಾಬರನ್ನು ಕರೆಸಿದರು. ಅವರದು ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಏರಿಸುವ ಮನೆತನ. ಕಾರುಗಳು ಬಂದ ಮೇಲೆ ಕಾರನ್ನೂ ಗಾಡಿಯಂತೆಯೇ ರಿಪೇರಿ ಮಾಡುತ್ತಿದ್ದರು. ಚಕ್ರ ಬಿಚ್ಚಿ, ಒಳಗಿನ ಬ್ರೇಕಿನ ಡ್ರಮ್ಮಿಗೆ ಸೀಮೆಎಣ್ಣೆ ಕುಡಿಸಿ, ಸುತ್ತಲೂ ಬಡಿದರು. ಬಿಡಲಿಲ್ಲ. ಮತ್ತೆ ಕುಡಿಸಿದರು, ಮತ್ತೆ ಬಡಿದರು. ಹೊತ್ತು ಇಳಿಯುತ್ತಿತ್ತು. ಅತ್ತೆ ನನ್ನ ಪಕ್ಕದಲ್ಲಿ, ಕೊಟ್ಟಿಗೆಯ ಬಾಗಿಲ ಮರೆಯಲ್ಲಿ ನಿಂತಿದ್ದರು. "ನನ್ನವ್ವನ ದಾರಿಗೆ ನಾನೇ ಅಡ್ಡ ಕುಂತೆ ಕಣವ್ವ. ಅವ್ಳು ಕಣ್ಮುಚ್ಚುದ್ರೆ ನಾ ಯಾರ್ಗೆ ಏಳ್ಲಿ?" ಎಂದರು. ಆ ಬಾಯಿಯಿಂದ ಅಷ್ಟು ಸಣ್ಣ ದನಿ ನಾನು ಕೇಳಿರಲೇ ಇಲ್ಲ. ನಾನು ಅವರ ಕೈ ಹಿಡಿದುಕೊಂಡೆ.

ಕೊನೆಗೆ ಸಾಬರು, "ಪಟ್ಟಿ ಏರ್ಸೋ ಅಂಗೇ ಮಾಡ್ಬೇಕು ಗೌಡ್ರೆ. ಕಾದ್ರೆ ಅಗಲ ಆಯ್ತದೆ, ಬುಡ್ತದೆ. ಪೆಟ್ರೋಲ್ ಡಬ್ಬ ಮಾತ್ರ ಈ ಕಡೆ ತರ್ಬೇಡಿ," ಎಂದರು. ಬಾಣಲೆಯಲ್ಲಿ ಬೆರಣಿಯ ಕೆಂಡ ತುಂಬಿ ಡ್ರಮ್ಮಿನ ಕೆಳಗಿಟ್ಟರು. ನಮ್ಮ ಯಜಮಾನರು ಪ್ಯಾಂಟು ಮಡಚಿ ಕುಕ್ಕರುಗಾಲಲ್ಲಿ ಕುಳಿತು ಊದುಗೊಳವೆಯಲ್ಲಿ ಊದಿದರು. ಮದುವೆಯಾದ ಮೇಲೆ ಅವರು ಒಲೆ ಊದಿದ್ದು ಅದೊಂದೇ ಸಲ. ಬಹಳ ಹೊತ್ತಿನ ಮೇಲೆ ಸಾಬರು ಮರದ ಕೊಡತಿಯಿಂದ ಬಡಿದಾಗ ಡ್ರಮ್ಮು ಒಮ್ಮೆ ನರಳಿ ಸಡಿಲಾಯಿತು. ಒಳಗಿನಿಂದ ಹಿಡಿಗಟ್ಟಲೆ ತುಕ್ಕು ಉದುರಿತು, ಮೇಲೆ ಬೂದಿಯಂಥ ಬಿಳಿ.

"ಇದೇನ್ ಗೌಡ್ರೆ? ಬರೀ ನೀರ್ಗೆ ಇಂಗೆ ತಿನ್ನಲ್ಲ," ಎಂದರು ಸಾಬರು. ಮಾವನವರು ಒಂದು ಚೂರನ್ನು ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ ಅದನ್ನು ನಾಲಿಗೆಗೆ ತಾಗಿಸಿದರು. ಅತ್ತೆಯ ಉಗುರು ನನ್ನ ಅಂಗೈಗೆ ನಾಟಿತು. ಮಾವನವರು ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಪಂಚೆಗೆ ಕೈ ಒರೆಸಿಕೊಂಡರು.

"ಮಳೆ ಕಣ್ರೀ ಸಾಬ್ರೆ. ಇಷ್ಟು ಮಳೆಗಾಲ ಓಯ್ತಲ್ಲ, ಸುಮ್ಕೆ ಬುಟ್ಟದಾ?"

ಕೆಂಡದ ಕಾವಿಗೆ ಬ್ರೇಕಿನ ಪಟ್ಟಿ ಸುಟ್ಟುಹೋಗಿದ್ದರಿಂದ ಆ ಚಕ್ರಕ್ಕೆ ಬ್ರೇಕೇ ಇಲ್ಲವೆಂದಾಯಿತು. ಬೆಳಗಾಗುತ್ತಲೇ ಹೊರಟೆವು. ಇಳಿಜಾರು ಬಂದರೆ ಚಕ್ರಕ್ಕೆ ಕೊಡಲು ಮರದ ದಿಮ್ಮಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಸಾಬರೂ ಬಂದರು. ದಾರಿಯುದ್ದಕ್ಕೂ ಮಾವನವರು ಕಾರನ್ನು ಎತ್ತಿನ ಗಾಡಿಗಿಂತ ಸ್ವಲ್ಪ ಮಾತ್ರ ಜೋರಾಗಿ ಓಡಿಸಿದರು. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಇಂಜಿನ್ನಿಗೆ ನೀರು ಹಾಕಿದಾಗಲೂ ಅತ್ತೆ ಕೆಳಗಿಳಿಯಲಿಲ್ಲ, ಇಳಿದರೆ ಕಾರು ಮನಸ್ಸು ಬದಲಾಯಿಸೀತು ಎಂಬಂತೆ ಸೀಟನ್ನು ಗಟ್ಟಿಯಾಗಿ ಹಿಡಿದು ಕುಳಿತಿದ್ದರು.

ಅತ್ತೆಯ ಅವ್ವ ಇನ್ನೂ ಇದ್ದರು. ಮಗಳ ಮುಖ ಸವರಿ, "ಸೊರಗಿ ಓಗಿದ್ದೀಯಲ್ಲೇ," ಎಂದು ಗದರಿದರು. ಮಗಳ ಕೈಯಿಂದ ಗಂಜಿ ಕುಡಿದರು. ಆ ವಾರ ಕಳೆಯುವುದರೊಳಗೆ, ಮಗಳ ತೊಡೆಯ ಮೇಲೇ ತಲೆಯಿಟ್ಟು ಹೋದರು.

ಅತ್ತೆ ಅಳಲಿಲ್ಲ. ತಿಥಿ ಮುಗಿಸಿ ಊರಿಗೆ ಬಂದರೂ ಮಾತಿಲ್ಲ, ಕಣ್ಣೀರೂ ಇಲ್ಲ. ನನಗಂತೂ ಭಯವಾಗಿತ್ತು. ಬಂದ ದಿನ ಊಟಕ್ಕೆ ಕುಳಿತ ಮಾವನವರು ಎರಡು ತುತ್ತು ತಿಂದು ತಲೆಯೆತ್ತಿದರು. "ಸಾರ್ಗೆ ಉಪ್ಪು ಕಮ್ಮಿ ಕಣೇ. ಮನೇಲಿಲ್ದಿದ್ರೆ ಕಾರಲ್ಲಿ ನೋಡು, ಇದ್ರೂ ಇರ್ಬೋದು." ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗುತ್ತ ನಗುತ್ತಲೇ ಅಳು ಬಂತು, ಬಹಳ ಹೊತ್ತು ಅತ್ತರು. ಮಾವನವರು ತಟ್ಟೆಯ ಮುಂದಿನಿಂದ ಏಳದೆ ಕಾದು ಕುಳಿತಿದ್ದರು. ಆ ಮನುಷ್ಯನ ಮೇಲೆ ನನಗೆ ಅಂದು ಹುಟ್ಟಿದ ಪ್ರೀತಿ ಇಂದಿಗೂ ಕಡಿಮೆಯಾಗಿಲ್ಲ. ಉಪ್ಪಿನ ಮಾತು ಮತ್ತೆಂದೂ ಆ ಮನೆಯಲ್ಲಿ ಬರಲಿಲ್ಲ. ಅದು ಅವರಿಬ್ಬರನ್ನೂ ನನ್ನನ್ನೂ ಬಿಟ್ಟು ಇನ್ನಾರಿಗೂ ಗೊತ್ತಿಲ್ಲವೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಹುರುಳಿಕಾಯಿ ತಟ್ಟೆ ಹಿಡಿದು ಹೊರಗೆ ಬಂದೆ. ಮೆಕ್ಯಾನಿಕ್ ಚಕ್ರ ಬಿಡಿಸಿಯಾಗಿತ್ತು. ಅಂಗೈಯಲ್ಲಿ ತುಕ್ಕು ಹಿಡಿದು, "ಏನ್ ಸಾರ್ ಇದು, ಒಂದೇ ಚಕ್ರಕ್ಕೆ ಇಷ್ಟೊಂದು? ದಿನಾ ನೀರು ಹಾಕ್ದಂಗಿದೆ," ಎಂದು ಕೇಳಿದ. ಕುಂಡಗಳನ್ನು ಸಾಗಿಸಿದ್ದೆ, ನೆಲದ ಮೇಲಿನ ದುಂಡನೆಯ ಒದ್ದೆ ಗುರುತುಗಳನ್ನು ಅಳಿಸಿರಲಿಲ್ಲ. ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದ ನಮ್ಮ ಯಜಮಾನರು ಆ ಗುರುತುಗಳನ್ನು ನೋಡಿದರು, ನನ್ನನ್ನು ನೋಡಿದರು.

"ಮಳೆ ಕಣಪ್ಪ. ಇಡೀ ಮಳೆಗಾಲ ಹೋಯ್ತಲ್ಲ, ಸುಮ್ನೆ ಬಿಡುತ್ತಾ?"

ಅದೇ ಮಾತು, ಅದೇ ದನಿ. ಮೆಕ್ಯಾನಿಕ್ ಕೈ ತೊಳೆಯಲು ಹಿತ್ತಲಿಗೆ ಹೋದಾಗ ನಾನು ಅವರ ಪಕ್ಕದಲ್ಲಿ ಕುಳಿತೆ. ಅವರು ತಟ್ಟೆಯಿಂದ ಒಂದು ಹುರುಳಿಕಾಯಿ ತೆಗೆದು ನಾರು ಬಿಡಿಸುತ್ತ, ನನ್ನ ಕಡೆ ನೋಡದೆ ಹೇಳಿದರು:

"ಉಪ್ಪಿಗಿಂತ ಕುಂಡ ವಾಸಿ ಬುಡು."