ಕಿಟಕಿ ಕಡೆಯ ಮೂಲೆ

ಹೋಟೆಲಿನ ಮೂರನೇ ಮಹಡಿಯಲ್ಲಿ ಇಬ್ಬರು ಹೆಂಗಸರಿಗೆ ಸೇರಿ ಒಂದೇ ಹೆಸರಿತ್ತು, ಜೋಡೆತ್ತು. ಇಟ್ಟವನು ಲಿಫ್ಟಿನವನು. ದಿನವಿಡೀ ಒಂದು ಡಬ್ಬಿಯೊಳಗೆ ನಿಂತು ಮೇಲೆ ಕೆಳಗೆ ಓಡಾಡುವವನಿಗೆ ಬೇರೇನು ಕೆಲಸ, ಕಂಡವರಿಗೆಲ್ಲ ಹೆಸರಿಡುವುದೇ. ಮೈಕೈ ತುಂಬಿಕೊಂಡಿದ್ದ, ಎಲ್ಲವನ್ನೂ ಎಡಗೈಯಲ್ಲೇ ಮಾಡುತ್ತಿದ್ದ ಹಿರಿಯಳಿಗೆ ಎಡಚಕ್ಕ ಅಂದ. ಕಿರಿಯಳು ಜೋರಾಗಿ ಗಾಳಿ ಬೀಸಿದರೆ ಹಾರಿಹೋಗುವಂತಿದ್ದಳು, ಅವಳಿಗೆ ಕಡ್ಡಿ ಅಂದ. ಇಬ್ಬರೂ ಅವನನ್ನು ಬಾಯಿಗೆ ಬಂದಂತೆ ಬೈದರು, ನಾಲ್ಕು ದಿನ ಕಳೆಯುವಷ್ಟರಲ್ಲಿ ಅದೇ ಹೆಸರಿಗೆ ಓಗೊಡತೊಡಗಿದರು.

ಹೋಟೆಲು ಅಂದರೆ ಕೌಂಟರಿನಲ್ಲಿ ಟೈ ಕಟ್ಟಿಕೊಂಡು ಹಲ್ಲು ಕಿರಿಯುವವರು ಅಂತ ಜನ ತಿಳಿದಿದ್ದಾರೆ. ತಿಳಿದುಕೊಳ್ಳಲಿ ಬಿಡಿ. ತಾನು ತಲೆಯಿಡುವ ದಿಂಬು, ಮುಖ ಒರೆಸುವ ಟವೆಲು, ಬಿಟ್ಟುಹೋದ ಕೂದಲು, ಚೆಲ್ಲಿದ ಕಾಫಿ, ಇವನ್ನೆಲ್ಲ ನೋಡಿಕೊಳ್ಳುವವರ ಮುಖವನ್ನು ಬಂದ ಅತಿಥಿ ನೋಡಿರುವುದೇ ಇಲ್ಲ. ಕಡ್ಡಿ ಈ ಕೆಲಸಕ್ಕೆ ಸೇರಿದ್ದು ಗಂಡ ತೀರಿಹೋದ ವರ್ಷ, ಕಂಕುಳಲ್ಲಿ ಒಂದು ಹೆಣ್ಣುಮಗು ಇದ್ದಾಗ. ಹಾಸಿಗೆ ಹಾಸುವುದು ಏನು ಮಹಾ ಅಂದುಕೊಂಡು ಬಂದಿದ್ದಳು. ಮೊದಲ ದಿನ ಮೂರು ಹಾಸಿಗೆಗಳನ್ನು ಸೂಪರ್‌ವೈಸರಮ್ಮ ಕಿತ್ತು ಹಾಕಿ ಮತ್ತೆ ಹಾಸು ಅಂದಾಗ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತಳು. ಹೊರಗಿನಿಂದ ಎಡಚಕ್ಕ ಬಾಗಿಲು ಬಡಿದಳು.

"ಅಳು, ಯಾರು ಬೇಡ ಅಂದ್ರು? ಆದ್ರೆ ಕೆಲಸ ಮಾಡ್ತಾ ಅಳು. ಬಾ, ಶೀಟಿನ ಆ ತುದಿ ಹಿಡ್ಕೋ."

ಹಿಡಿದವಳು ಹತ್ತೊಂಬತ್ತು ವರ್ಷ ಬಿಡಲಿಲ್ಲ. ಬಾಗಿಲ ಕಡೆ ಕಡ್ಡಿ, ಕಿಟಕಿ ಕಡೆ ಎಡಚಕ್ಕ. ಇಬ್ಬರೂ ಒಂದೇ ಸಲ ಎತ್ತಿ ಒದರಿದರೆ ಶೀಟು ಗಾಳಿ ತುಂಬಿಕೊಂಡು ಮೆಲ್ಲಗೆ ಇಳಿಯುತ್ತಿತ್ತು, ಅದು ಇಳಿಯುವಷ್ಟರಲ್ಲಿ ಇವರ ಒಂದು ಸುದ್ದಿ ಮುಗಿಯುತ್ತಿತ್ತು. ಕಡ್ಡಿಯ ಮಗಳ ಶಾಲೆ, ಎಡಚಕ್ಕನ ಮಗಳ ಬಾಣಂತನ, ಮ್ಯಾನೇಜರ ಹೊಸ ಕೂದಲು ಅಸಲಿಯೋ ನಕಲಿಯೋ, ಎಲ್ಲಕ್ಕೂ ಒಂದೊಂದು ಹಾಸಿಗೆ. ಕಾಲ ಕಡೆಯ ಮೂಲೆಯನ್ನು ಎಡಚಕ್ಕ ಎಡಗೈಯಲ್ಲಿ ಮಡಿಸುತ್ತಿದ್ದುದರಿಂದ ಮಡಿಕೆ ಉಲ್ಟಾ ಬೀಳುತ್ತಿತ್ತು, ಅದರ ಮೇಲೆ ಮುಷ್ಟಿಯಿಂದ ಎರಡು ಗುದ್ದು. ಸೂಪರ್‌ವೈಸರಮ್ಮ ಮೊದಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಸುಮ್ಮನಾದರು. ಕಡ್ಡಿ ಅದನ್ನು ಕಲಿಯಲು ಹೋಗಿ ಎಷ್ಟೋ ಸಲ ಸೋತಿದ್ದಳು.

ಆ ದಿನ ಮಧ್ಯಾಹ್ನ ಎರಡಕ್ಕೆ ನಲವತ್ತು ಜನರ ಗುಂಪೊಂದು ಬರುವುದಿತ್ತು. ಹೋಟೆಲಿನವರೆಲ್ಲ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದರು. ಹನ್ನೊಂದೂವರೆಗೆ ಮುನ್ನೂರ ಹನ್ನೊಂದನೇ ರೂಮಿನಲ್ಲಿ ಎಡಚಕ್ಕ ಶೀಟು ಬಿಟ್ಟು ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ಅತಿಥಿಯ ಮಂಚದ ಮೇಲೆ ಅವಳು ಕೂತದ್ದನ್ನು ಕಡ್ಡಿ ಅಲ್ಲಿಯವರೆಗೆ ನೋಡಿರಲಿಲ್ಲ.

"ಎದೆ ಹಿಡ್ಕೊಂಡಂಗಿದೆ ಕಣೇ."

"ಇನ್ನೊಂದೇ ರೂಮು ಕಣಕ್ಕಾ," ಅಂದಳು ಕಡ್ಡಿ, ದಿಂಬಿಗೆ ಕವರು ತೊಡಿಸುತ್ತಾ. "ಮುಗಿಸಿಬಿಡೋಣ. ಆಮೇಲೆ ಕಾಲು ಚಾಚ್ಕೊಂಡು ಕೂತ್ಕೊಳ್ಳುವಂತೆ."

ಎಡಚಕ್ಕ ಎದ್ದಳು. ಹಾಸಿಗೆ ಮುಗಿಸಿದಳು, ಮೂಲೆ ಮಡಿಸಿದಳು, ಎರಡು ಗುದ್ದು ಗುದ್ದಿದಳು. ಹೊರಗೆ ಬಂದು ಟ್ರಾಲಿಯ ಹಿಡಿಕೆ ಹಿಡಿದವಳು ಹಾಗೇ ಕುಸಿದಳು. ಡಾಕ್ಟರು ಬರುವ ಮೊದಲೇ ಎಲ್ಲ ಮುಗಿದಿತ್ತು. ಎರಡು ಗಂಟೆಗೆ ಗುಂಪು ಬಂತು. ಅವಳು ಹಾಸಿದ ಹಾಸಿಗೆಯಲ್ಲಿ ಯಾರೋ ಮಲಗಿದರು, ಬೆಳಿಗ್ಗೆ ಹೋಗುವಾಗ ಒಳ್ಳೆಯ ನಿದ್ದೆ ಬಂತು ಅಂತ ಪುಸ್ತಕದಲ್ಲಿ ಬರೆದೂ ಹೋದರು.

ಮರುದಿನ ಎಡಚಕ್ಕನ ಮಗಳು ಕಡ್ಡಿಯ ಎರಡೂ ಕೈ ಹಿಡಿದುಕೊಂಡಳು. "ಚಿಕ್ಕಮ್ಮ, ನೀವು ಜೊತೇಲೇ ಇದ್ರಲ್ಲ. ಅಮ್ಮ ಏನಾದ್ರೂ ಹೇಳಿದ್ರಾ?"

"ಇಲ್ಲಮ್ಮ," ಅಂದಳು ಕಡ್ಡಿ. "ಏನೂ ಹೇಳ್ಲಿಲ್ಲ. ಇದ್ದಕ್ಕಿದ್ದಂಗೆ ಬಿದ್ಲು."

ಆ ಸುಳ್ಳು ಅವಳ ಬಾಯಿಂದ ತಾನಾಗಿಯೇ ಹೊರಬಿತ್ತು. ಆವತ್ತಿನಿಂದ ಅನ್ನ ಇಳಿಯಲಿಲ್ಲ, ನಿದ್ದೆ ಹತ್ತಲಿಲ್ಲ. ಇನ್ನೊಂದೇ ರೂಮು ಅನ್ನುವ ಮಾತು ಬಸ್ಸಿನಲ್ಲಿ, ಮಗಳೊಡನೆ ಕೂತಾಗ, ಎಲ್ಲಿ ಬೇಕೆಂದರಲ್ಲಿ ಕಿವಿಯಲ್ಲಿ ಕೇಳುತ್ತಿತ್ತು, ಅದೂ ಅವಳದೇ ದನಿಯಲ್ಲಿ.

ಮ್ಯಾನೇಜರು ಹೊಸಬರನ್ನು ತೆಗೆದುಕೊಳ್ಳಲಿಲ್ಲ. "ಸದ್ಯಕ್ಕೆ ನೀನೇ ನೋಡ್ಕೋ. ಒಂದು ತಿಂಗಳು ನೋಡೋಣ, ಆಗದಿದ್ರೆ ಆಮೇಲೆ ಯೋಚನೆ ಮಾಡೋಣ," ಅಂದರು. ಯೋಚನೆ ಅಂದರೇನು ಅಂತ ಕಡ್ಡಿಗೆ ಗೊತ್ತಿತ್ತು, ಮನೆಗೆ ಕಳಿಸುವುದು. ಇಬ್ಬರ ರೂಮುಗಳನ್ನು ಒಬ್ಬಳೇ ಮಾಡಬೇಕು. ಒಂದು ಹಾಸಿಗೆಗೆ ಮಂಚವನ್ನು ನಾಲ್ಕು ಸಲ ಸುತ್ತಬೇಕು. ಅವಳು ಶೀಟು ಒದರಿದರೆ ಆ ತುದಿ ಹಿಡಿಯುವವರಿಲ್ಲದೆ ಸೊಟ್ಟಗೆ ನೆಲಕ್ಕೆ ಬೀಳುತ್ತಿತ್ತು. ಬೇರೆಯವಳಾಗಿದ್ದರೆ ಬಿಟ್ಟುಹೋಗುತ್ತಿದ್ದಳು. ಕಡ್ಡಿ ಮೈಯಲ್ಲಿ ಕಡ್ಡಿಯಷ್ಟೆ, ಹಟದಲ್ಲಿ ಅವಳನ್ನು ಯಾರೂ ಅಲುಗಾಡಿಸುವಂತಿರಲಿಲ್ಲ. ಅರ್ಧ ಗಂಟೆ ಮೊದಲು ಬಂದಳು, ಊಟ ನಿಂತುಕೊಂಡೇ ಮುಗಿಸಿದಳು. ಆದರೂ ದಿನಕ್ಕೆ ಮೂರು ರೂಮು ತಡವಾಗುತ್ತಿತ್ತು.

ಅವಳು ದೇವರನ್ನು ನಂಬಿದವಳು. ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು ಬಟ್ಟೆ ಕೋಣೆಯಲ್ಲಿ ಇಸ್ತ್ರಿಯಮ್ಮ ಮಡಿಸಿಟ್ಟ ಶೀಟುಗಳ ರಾಶಿಗೆ ಹಣೆಯಾನಿಸಿ ಎರಡು ನಿಮಿಷ ಕಣ್ಣು ಮುಚ್ಚುತ್ತಿದ್ದಳು. ಈಗ ಎರಡು ನಿಮಿಷ ಹತ್ತಾಯಿತು. ಅವಳ ಬೇಡಿಕೆ ಒಂದೇ. ದೇವರೇ, ಅವಳು ನನ್ನನ್ನು ಕ್ಷಮಿಸಿದ್ದಾಳಾ, ಇಲ್ಲವಾ? ಒಂದು ಗುರುತು ಕೊಡು ಸಾಕು.

ಮೂರನೇ ವಾರ ಗುರುತು ಬಂತು. ಒಂದು ರೂಮಿನಲ್ಲಿ ಶೀಟು ಹರಡಿ, ಬಾಗಿಲ ಕಡೆಯದನ್ನು ಸಿಕ್ಕಿಸಿ, ಬಾತ್‌ರೂಮು ತೊಳೆಯಲು ಹೋಗಿದ್ದಳು. ಹೊರಗೆ ಬಂದು ನೋಡಿದರೆ ಕಿಟಕಿ ಕಡೆ ಮುಗಿದಿತ್ತು. ಶೀಟನ್ನು ಬಿಗಿಯಾಗಿ ಎಳೆದಾಗಿತ್ತು, ಮೂಲೆಯ ಮಡಿಕೆ ಉಲ್ಟಾ ಇತ್ತು, ಅದರ ಮೇಲೆ ಮುಷ್ಟಿಯ ಎರಡು ತಗ್ಗು.

ಕಡ್ಡಿ ಓಡಿಬಂದು ಕಾರಿಡಾರು ನೋಡಿದಳು, ನರಪಿಳ್ಳೆಯೂ ಇರಲಿಲ್ಲ. ಮಧ್ಯಾಹ್ನದ ಬಿಸಿಲು ಕಾರ್ಪೆಟ್ಟಿನ ಮೇಲೆ ಬಿದ್ದಿತ್ತು, ಲಿಫ್ಟು ಎಲ್ಲೋ ಕೆಳಗೆ ಗುಂಯ್ ಅನ್ನುತ್ತಿತ್ತು. ಅವಳು ಆ ಮೂಲೆಯನ್ನು ಮುಟ್ಟಲಿಲ್ಲ, ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಬಂದಳು. ಮರುದಿನ ಎರಡು ರೂಮಿನಲ್ಲಿ ಹಾಗೇ ಆಯಿತು, ಅದರ ಮರುದಿನ ನಾಲ್ಕರಲ್ಲಿ. ವಾರ ಕಳೆಯುವಷ್ಟರಲ್ಲಿ ಹೆದರಿಕೆ ಹೋಗಿ ಬೇರೇನೋ ಬಂತು. ಬಾತ್‌ರೂಮಿಗೆ ಹೋಗುವ ಮೊದಲು ಖಾಲಿ ಕಿಟಕಿಯ ಕಡೆ ತಿರುಗಿ ಮಾತಾಡತೊಡಗಿದಳು. "ಬಂದ್ಯಾ ಅಕ್ಕಾ? ನನ್ನ ಮಗಳು ಪಾಸಾದ್ಲು. ನಿಧಾನವಾಗಿ ಮಾಡು, ಆತುರ ಇಲ್ಲ." ಹೇಳಿ ಬಾಗಿಲು ಮುಚ್ಚಿ, ನಲ್ಲಿ ಜೋರಾಗಿ ಬಿಟ್ಟು, ಬೇಕೆಂದೇ ಹೆಚ್ಚು ಹೊತ್ತು ತಿಕ್ಕುತ್ತಿದ್ದಳು. ಸತ್ತವಳು ಬಂದು ತನ್ನ ಪಾಲಿನ ಕೆಲಸ ಮಾಡಿಕೊಡುತ್ತಿದ್ದಾಳೆ ಅಂದರೆ ಕೋಪವಿಲ್ಲ ಅಂತ ತಾನೇ? ಕಡ್ಡಿಗೆ ಅನ್ನ ಇಳಿಯತೊಡಗಿತು. ರೂಮುಗಳು ಹೊತ್ತಿಗೆ ಸರಿಯಾಗಿ ಮುಗಿದವು, ಮ್ಯಾನೇಜರ ಬಾಯಿಯೂ ಮುಚ್ಚಿತು.

ಎಡಚಕ್ಕ ಹೋಗಿ ಹನ್ನೊಂದು ವಾರವಾಗಿತ್ತು. ಅವತ್ತು ತೊಳೆಯುತ್ತಿರುವಾಗ ನಲ್ಲಿಯಲ್ಲಿ ನೀರು ನಿಂತಿತು. ಸದ್ದಡಗಿತು. ಬಾಗಿಲಿನ ಆಚೆ ಯಾರೋ ಏದುಸಿರು ಬಿಡುತ್ತಿದ್ದರು.

ಸತ್ತವರಿಗೆ ಏದುಸಿರು ಬರುತ್ತದೆಯೇ? ಕಡ್ಡಿ ಬಾಗಿಲು ತೆರೆದಳು. ಕಿಟಕಿ ಕಡೆ ಮಂಡಿಯೂರಿ ಕೂತಿದ್ದವನು ಲಿಫ್ಟಿನವನು. ನಾಲಿಗೆ ಹಲ್ಲಲ್ಲಿ ಕಚ್ಚಿಕೊಂಡು, ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಲ್ಲಿ ಮೂಲೆ ಮಡಿಸಲು ಒದ್ದಾಡುತ್ತಿದ್ದ.

ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಕಡ್ಡಿ ಅವನ ಮುಖಕ್ಕೆ ಎಸೆದಳು. "ನೀನಾ? ಇಷ್ಟು ದಿನ ನೀನಾ? ನಾನು ಯಾರ ಜೊತೆ ಮಾತಾಡ್ತಿದ್ದೆ ಅಂದ್ಕೊಂಡಿದ್ದೆ ಗೊತ್ತಾ ನಿನಗೆ? ಯಾರು ಕೇಳಿದ್ರು ನಿನ್ನ ಕರುಣೆ!"

"ಕರುಣೆ ಅಲ್ಲ," ಅಂದ ಅವನು, ಮುಖ ಒರೆಸಿಕೊಳ್ಳದೆ. "ನಾನೊಬ್ನೇ ಅಲ್ಲ. ಇಸ್ತ್ರಿಯಮ್ಮ, ಸೂಪರ್‌ವೈಸರಮ್ಮ, ನಾನು, ಮೂರು ಜನ. ನೀನು ನಲ್ಲಿ ಬಿಟ್ರೆ ನಮಗೆ ಆರು ನಿಮಿಷ ಸಿಗುತ್ತೆ. ಅವಳ ಪಾಲಿನ ಕೆಲಸ ಅವಳ ಥರಾನೇ ಆಗ್ಬೇಕು ಅಂತ ಸೂಪರ್‌ವೈಸರಮ್ಮ ಹಟ ಹಿಡಿದ್ರು. ಇಸ್ತ್ರಿ ಮೇಜಿನ ಮೇಲೆ ವಾರಗಟ್ಟಲೆ ಕಲಿತ್ವಿ."

"ಯಾಕೆ?"

ಅವನು ಎದ್ದು ನಿಂತ, ಮತ್ತೆ ಕೂತ. ಕೊನೆಗೆ ನೆಲ ನೋಡುತ್ತಾ ಹೇಳಿದ. "ಅವತ್ತು ಬೆಳಿಗ್ಗೆ ಲಿಫ್ಟಲ್ಲಿ ನಂಗೆ ಹೇಳಿದ್ಲು, ಎದೆ ಯಾಕೋ ಭಾರ ಅಂತ. ನಗ್ತಾ ಹೇಳಿದ್ಲು. ಇಷ್ಟು ತೂಕ ಹೊತ್ರೆ ನನ್ನ ಲಿಫ್ಟಿಗೂ ಎದೆ ನೋವು ಬರುತ್ತೆ ಅಂದೆ ನಾನು. ಹತ್ತು ಗಂಟೆಗೆ ಇಸ್ತ್ರಿಯಮ್ಮಂಗೆ ಹೇಳಿದ್ಲಂತೆ, ಅದೂ ನಗ್ತಾನೇ. ಗ್ಯಾಸು, ಬಿಸಿನೀರು ಕುಡಿ ಅಂದ್ರಂತೆ ಅವರು. ಸೂಪರ್‌ವೈಸರಮ್ಮಂಗೂ ಹೇಳಿದ್ಲು. ಗುಂಪು ಬಂದ್ಮೇಲೆ ರೆಸ್ಟ್ ತಗೋ ಅಂದ್ರಂತೆ. ಎಲ್ಲರಿಗೂ ಹೇಳಿದ್ಲು. ನಿನಗೊಬ್ಳಿಗೆ ಬಿಟ್ಟು."

ಕಡ್ಡಿ ನೆಲಕ್ಕೆ ಬಿದ್ದಿದ್ದ ಒದ್ದೆ ಬಟ್ಟೆಯನ್ನು ಎತ್ತಿಕೊಂಡಳು.

"ನಿನಗೆ ಹೇಳಿದ್ರೆ ನೀನು ಕೆಲಸ ಬಿಟ್ಟು ಎಳ್ಕೊಂಡು ಹೋಗ್ತಿದ್ದೆ, ಅದು ಗೊತ್ತಿದ್ದೇ ಹೇಳಿಲ್ಲ," ಅಂದ ಅವನು. ಅವನ ಕಣ್ಣು ತುಂಬಿತ್ತು. "ನಿನ್ನ ಜೋಡೀನ ನಾವು ಕೊಂದ್ವಿ ಕಣೇ. ಯಾವ ಮುಖ ಇಟ್ಕೊಂಡು ನಿನ್ನೆದುರಿಗೆ ಬರೋಣ ಹೇಳು?"

ಕಡ್ಡಿ ಹೇಳಬೇಕಾದ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಹೋಗು, ಲಿಫ್ಟಿಗೆ ಜನ ಕಾಯ್ತಿರ್ತಾರೆ," ಅಂದಳು.

ಮರುದಿನದಿಂದ ಮೂವರೂ ಕದ್ದುಮುಚ್ಚಿ ಬರುವುದನ್ನು ಬಿಟ್ಟು ಎದುರಿಗೇ ಬಂದರು. ಇಸ್ತ್ರಿಯಮ್ಮ ಅವಳಿಗೆ ಬಿಸಿ ಚಹಾ ತಂದಿಟ್ಟಳು. ಸೂಪರ್‌ವೈಸರಮ್ಮ, ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ದನಿ ತಗ್ಗಿಸದಿದ್ದವರು, "ಸುಸ್ತಾದ್ರೆ ಹೇಳಮ್ಮ," ಅಂದರು. ಅವರ ಪ್ರಕಾರ ಇಡೀ ಹೋಟೆಲಿನಲ್ಲಿ ಕೈ ಶುದ್ಧವಾಗಿದ್ದವಳು ಇವಳೊಬ್ಬಳೇ. ಬಾಯಿ ಮುಚ್ಚಿಕೊಂಡಿದ್ದರೆ ಜೀವಮಾನವಿಡೀ ಅವರ ಕೈಯಲ್ಲಿ ಸೇವೆ ಮಾಡಿಸಿಕೊಳ್ಳಬಹುದಿತ್ತು, ಕೆಲಸವೂ ಉಳಿಯುತ್ತಿತ್ತು. ಕಿಟಕಿಯ ಕಡೆ ಈಗ ಜೀವಂತ ಮನುಷ್ಯರು ನಿಂತಿದ್ದರು, ಆದರೂ ಆ ಜಾಗ ಹಿಂದೆಂದೂ ಇಲ್ಲದಷ್ಟು ಖಾಲಿಯಾಗಿತ್ತು. ಯಾರೂ ಬಂದಿರಲಿಲ್ಲ. ಯಾರೂ ಕ್ಷಮಿಸಿರಲಿಲ್ಲ. ಹಾಗಾದರೆ ದೇವರು ಇಷ್ಟು ದಿನ ಏನು ಮಾಡುತ್ತಿದ್ದ? ಬೆಳಿಗ್ಗೆ ಶೀಟುಗಳ ರಾಶಿಗೆ ಹಣೆಯಾನಿಸಿದರೆ ಬರೀ ಸೋಪಿನ ವಾಸನೆ ಬರುತ್ತಿತ್ತು.

ನಾಲ್ಕನೆಯ ದಿನ ಇಸ್ತ್ರಿಯಮ್ಮ ಚಹಾದ ಲೋಟ ಮುಂದಿಟ್ಟಾಗ ಕಡ್ಡಿ ಅದನ್ನು ಪಕ್ಕಕ್ಕೆ ಸರಿಸಿದಳು. ಬಟ್ಟೆ ಕೋಣೆಯಲ್ಲಿ ಸೂಪರ್‌ವೈಸರಮ್ಮ ದಿಂಬಿನ ಕವರು ಎಣಿಸುತ್ತಿದ್ದರು, ಲಿಫ್ಟಿನವನು ಬಾಗಿಲಿಗೆ ಒರಗಿ ನಿಂತಿದ್ದ.

"ನಂಗೂ ಹೇಳಿದ್ಲು," ಅಂದಳು. "ಮುನ್ನೂರ ಹನ್ನೊಂದರಲ್ಲಿ. ಎದೆ ಹಿಡ್ಕೊಂಡಿದೆ ಅಂದ್ಲು. ಇನ್ನೊಂದೇ ರೂಮು ಅಂದೆ ನಾನು. ಅವಳ ಮುಖ ಕೂಡ ನೋಡ್ಲಿಲ್ಲ. ಮಗಳು ಕೇಳಿದ್ಲು, ಅವಳಿಗೂ ಸುಳ್ಳು ಹೇಳ್ದೆ."

ಸೂಪರ್‌ವೈಸರಮ್ಮನ ಎಣಿಕೆ ನಿಂತಿತು. ಅವರು ಬೈಯಲಿ ಅಂತ ಕಡ್ಡಿ ಕಾಯುತ್ತಿದ್ದಳು. ಬೈದಿದ್ದರೆ ಒಳ್ಳೆಯದಿತ್ತು. ಇಸ್ತ್ರಿಯಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕೆ ಎತ್ತಿಟ್ಟು, ತೀರಾ ಮೆಲ್ಲಗೆ ಕೇಳಿದಳು.

"ನಿನಗೆ ಹೇಳುವಾಗ ನಗ್ತಾ ಇದ್ಲಾ?"

ಹನ್ನೊಂದು ವಾರ ದೇವರೂ ಕೇಳದಿದ್ದ ಪ್ರಶ್ನೆ ಅದು. ಕಡ್ಡಿ ಕಣ್ಣು ಮುಚ್ಚಿದಳು. ಮಂಚದ ಅಂಚು, ಕಿಟಕಿಯ ಬೆಳಕು, ತಾನು ನೋಡದೆ ಬಿಟ್ಟ ಆ ಮುಖ. ನೋಡಿರಲಿಲ್ಲ, ಆದರೆ ದನಿ ಕೇಳಿತ್ತು.

"ಇಲ್ಲ," ಅಂದಳು. "ನಗ್ತಿರ್ಲಿಲ್ಲ."

ಯಾರೂ ಅವಳನ್ನು ಸಮಾಧಾನ ಮಾಡಲಿಲ್ಲ. ಸೂಪರ್‌ವೈಸರಮ್ಮ ಕವರುಗಳನ್ನು ಎತ್ತಿಕೊಂಡು, "ನಡಿ, ಒಂಬತ್ತು ರೂಮು ಇದೆ," ಅಂದರು. ಒಂಬತ್ತಕ್ಕೂ ಅವರೇ ಜೊತೆಗೆ ಬಂದರು.

ಆ ವಾರ ರಜೆಯ ದಿನ ಕಡ್ಡಿ ಎಡಚಕ್ಕನ ಮಗಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಮಗಳು ಕೊನೆಯವರೆಗೂ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡಳು. ಇವತ್ತಿಗೂ ತೆರೆದಿಲ್ಲ. ಕಡ್ಡಿ ಪ್ರತಿ ವರ್ಷ ಒಮ್ಮೆ ಹೋಗಿ, ಆ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು ಬರುತ್ತಾಳೆ.

ಈಗ ಮೂರೂ ಮಹಡಿಗೆ ಅವಳೇ ಸೂಪರ್‌ವೈಸರ್. ಬೆಳಿಗ್ಗೆ ಶೀಟುಗಳಿಗೆ ಹಣೆಯಾನಿಸುವುದನ್ನು ಬಿಟ್ಟಿಲ್ಲ, ಗುರುತು ಕೇಳುವುದನ್ನು ಬಿಟ್ಟಿದ್ದಾಳೆ. ಆಮೇಲೆ ತನ್ನ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿಕೊಂಡು ಒಬ್ಬೊಬ್ಬರನ್ನೇ ಕೇಳುತ್ತಾಳೆ, ಹೇಗಿದ್ದೀಯಾ ಅಂತ. ಎಷ್ಟು ರೂಮು ಕಾದಿದ್ದರೂ ಸರಿ, ಯಾವ ಮ್ಯಾನೇಜರು ಕೂಗಾಡಿದರೂ ಸರಿ, ಉತ್ತರ ಬರುವವರೆಗೆ ಟ್ರಾಲಿ ಕದಲುವಂತಿಲ್ಲ. ಹೊಸದಾಗಿ ಸೇರಿದವರು ನಾಚಿಕೊಂಡು, ಹಲ್ಲು ಬಿಟ್ಟು, ಚೆನ್ನಾಗಿದ್ದೀನಕ್ಕ ಅನ್ನುತ್ತಾರೆ. ಕಡ್ಡಿ ಅವರ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುತ್ತಾಳೆ.

"ನಗಬೇಡ," ಅನ್ನುತ್ತಾಳೆ. "ನಗದೆ ಹೇಳು."